ಬೀಗ ಹಾಕಿದ ದಾರಿ: ಮೂರು ತಲೆಮಾರಿನ ಒಂದು ಹಗೆಯ ಕಥೆ

ಗೇಟಿನ ಬೀಗ ಹೊಸದು. ಗೇಟು ಮಾತ್ರ ತುಕ್ಕು ಹಿಡಿದು, ಕೆಳಗಿನ ಎರಡು ಸರಳು ಕಳಚಿ, ಒಂದು ಕಡೆಗೆ ವಾಲಿತ್ತು. ಅದರ ಆಚೆ ಮೊಣಕಾಲುದ್ದ ಹುಲ್ಲು. 40 ವರ್ಷದಿಂದ ಆ ದಾರಿಯಲ್ಲಿ ಯಾರೂ ಓಡಾಡಿಲ್ಲ. ಇನ್ನೊಂದು ಕಡೆಯಿಂದ ಡಾಂಬರು ರಸ್ತೆ ಬಂದು ಎಷ್ಟೋ ಕಾಲವಾಗಿದೆ. ಆದರೂ ಆ ಮನೆಯ ಹಿರಿಯರು ದಿನಾ ರಾತ್ರಿ ಟಾರ್ಚ್ ಹಿಡಿದು ಹೋಗಿ, ಬೀಗ ಎಳೆದು ನೋಡಿ ಬರುತ್ತಿದ್ದರು. ಒಂದು ಬೀಗ ಹಾಳಾದರೆ ಇನ್ನೊಂದು. ಇದು ನಾಲ್ಕನೆಯದು.

"ಯಾರೂ ಬರದ ದಾರಿಗೆ ಬೀಗ ಯಾಕೆ?" ಅಂತ ಕೇಳಿದೆ.

"ಈಗ ತೆಗೆದರೆ ಅವತ್ತು ಹಾಕಿದ್ದು ತಪ್ಪು ಅಂತ ಆಗುತ್ತೆ" ಅಂದರು.

ಮನೆ ಮನೆಗಳ ನಡುವೆ ರಾಜಿ ಮಾಡಿಸುವ ಕೆಲಸದಲ್ಲಿ ನಾನು ಬಹಳ ವರ್ಷದಿಂದ ಇದ್ದೇನೆ. ಎಷ್ಟೋ ಜಗಳ ನೋಡಿದ್ದೇನೆ. ಆದರೆ ಹಿರಿಯರಿಂದ ಬಂದ ಹಗೆ ಯಾಕೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಅನ್ನುವುದು ನನಗೆ ಅರ್ಥವಾಗಿದ್ದು ಈ ಒಂದು ಪ್ರಕರಣದಲ್ಲಿ. ಅರ್ಥವಾಗುವ ಮೊದಲು ಎರಡು ದೊಡ್ಡ ತಪ್ಪು ಮಾಡಿದೆ. ಅದನ್ನೂ ಬರೆಯುತ್ತೇನೆ. ಎರಡೂ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಇವರನ್ನು ಮೇಲಿನ ಮನೆ, ಕೆಳಗಿನ ಮನೆ ಅಂತ ಕರೆಯೋಣ. ಒಂದೇ ಮನೆತನದ ಎರಡು ಕವಲು. ಅಣ್ಣ ತಮ್ಮ ಪಾಲಾದಾಗ ಅಣ್ಣನಿಗೆ ರಸ್ತೆ ಕಡೆಯ ಜಮೀನು ಬಂತು, ತಮ್ಮನಿಗೆ ಒಳಗಿನದು. ಕೆಳಗಿನ ಮನೆಯವರು ರಸ್ತೆಗೆ ಬರಬೇಕಾದರೆ ಮೇಲಿನ ಮನೆಯ ಜಮೀನು ದಾಟಬೇಕು. ಪಾಲುಪತ್ರದಲ್ಲಿ ಈ ದಾರಿಯ ಬಗ್ಗೆ ಒಂದು ಸಾಲೂ ಇಲ್ಲ. ಅಣ್ಣ ತಮ್ಮ ಚೆನ್ನಾಗಿದ್ದಾಗ ಅದನ್ನೆಲ್ಲ ಯಾರು ಬರೆಸುತ್ತಾರೆ?

ಮಕ್ಕಳ ಕಾಲಕ್ಕೆ ಕಿರಿಕಿರಿ ಶುರುವಾಯಿತು. ದನ ನುಗ್ಗಿತು, ಬೇಲಿ ಸರಿಯಿತು, ಮಾತಿಗೆ ಮಾತು ಬೆಳೆಯಿತು. ಒಂದು ದಿನ ಮೇಲಿನ ಮನೆಯವರು ಗೇಟಿಗೆ ಬೀಗ ಹಾಕಿದರು. ಹಗಲಲ್ಲಿ ತೆಗೆಯುತ್ತಿದ್ದರು, ಕತ್ತಲಾದ ಮೇಲೆ ಹಾಕುತ್ತಿದ್ದರು.

ಬೀಗ ಬಿದ್ದು ವಾರ ಆಗಿತ್ತು. ಸುಮಾರು 60 ವರ್ಷದ ಹಿಂದಿನ ಮಾತು. ಮಳೆಗಾಲದ ಒಂದು ರಾತ್ರಿ ಕೆಳಗಿನ ಮನೆಯ 22 ವರ್ಷದ ಮಗನಿಗೆ ತಡೆಯಲಾಗದ ಹೊಟ್ಟೆನೋವು ಬಂತು. ಮಂಚದ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತು ಗೇಟಿನ ತನಕ ಬಂದರು. ಬೀಗ. ಕೂಗಿದರು. ಯಾರೂ ಬರಲಿಲ್ಲ. ಸುತ್ತು ಬಳಸಿ ಹಳ್ಳದ ಕಡೆಯಿಂದ ಹೋದರು. ಒಂದು ಗಂಟೆ ಜಾಸ್ತಿ ಹಿಡಿಯಿತು. ಹುಡುಗ ದಾರಿಯಲ್ಲೇ ತೀರಿಕೊಂಡ.

ಎರಡೂ ಮನೆಯವರು ಒಪ್ಪುವುದು ಇಷ್ಟನ್ನೇ. ಬೇಕಂತಲೇ ತೆಗೆಯಲಿಲ್ಲ ಅಂತ ಕೆಳಗಿನ ಮನೆ. ಮಳೆಯಲ್ಲಿ ಕೇಳಿಸಲೇ ಇಲ್ಲ ಅಂತ ಮೇಲಿನ ಮನೆ. ಹದಿನೈದು ದಿನಕ್ಕೆ ಮೇಲಿನ ಮನೆಯ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಯಾರು ಹಚ್ಚಿದರು ಅನ್ನುವುದಕ್ಕೆ ಸಾಕ್ಷಿ ಇಲ್ಲ. ಅಲ್ಲಿಂದ ಮುಂದೆ ಗಡಿಕಲ್ಲಿನ ಕೇಸು, ನೀರಿನ ಕೇಸು, ಶಾಲೆಯಲ್ಲಿ ಮಕ್ಕಳ ಹೊಡೆದಾಟ, ಒಬ್ಬರ ಮನೆ ಸಾವಿಗೆ ಇನ್ನೊಬ್ಬರು ಹೋಗದಿರುವುದು. ಕೊಡುವುದು ತರುವುದು ನಿಂತಿತು. ಸೊಸೆಯಾಗಿ, ಅಳಿಯನಾಗಿ ಆ ಮನೆಗೂ ಈ ಮನೆಗೂ ಓಡಾಡುವವರು ಒಬ್ಬರೂ ಉಳಿಯಲಿಲ್ಲ. ಈ ಕೊನೆಯದ್ದನ್ನು ನಾನು ಮೊದಲು ಗಮನಿಸಲೇ ಇಲ್ಲ. ಹಗೆ ಮೊದಲು ಕಡಿಯುವುದು ನಡುವಿನವರನ್ನು. ಆಮೇಲೆ ಒಂದು ಮಾತನ್ನು ಆ ಕಡೆಗೆ ಒಯ್ಯುವುದಕ್ಕೂ ಜನ ಇರುವುದಿಲ್ಲ.

ನನ್ನ ಹತ್ತಿರ ಬಂದಿದ್ದು

ಕೆಳಗಿನ ಮನೆಯ 19 ವರ್ಷದ ಹುಡುಗ ಮೇಲಿನ ಮನೆಯ ಹುಡುಗನ ತಲೆಗೆ ದೊಣ್ಣೆಯಿಂದ ಹೊಡೆದ. ಗಾಡಿ ನಿಲ್ಲಿಸಿದ ಜಾಗಕ್ಕೆ ಶುರುವಾದ ಜಗಳ. ಎಂಟು ಹೊಲಿಗೆ ಬಿತ್ತು. ಜೀವಕ್ಕೆ ಏನೂ ಆಗಲಿಲ್ಲ.

ಆಸ್ಪತ್ರೆಯ ಹೊರಗೆ ಇಬ್ಬರು ತಾಯಂದಿರು ಎದುರಾದರು. ಹೊಡೆದವನ ತಾಯಿ, ಹೊಡೆತ ತಿಂದವನ ತಾಯಿ. ಇಬ್ಬರೂ ಬೇರೆ ಊರಿಂದ ಸೊಸೆಯಾಗಿ ಬಂದವರು. 20 ವರ್ಷ ಅಕ್ಕಪಕ್ಕ ಇದ್ದರೂ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ಅವತ್ತು ಮಾತಾಡಿದರು. "ನಿಮ್ಮವನಾದರೂ ಸರಿ, ನಮ್ಮವನಾದರೂ ಸರಿ, ಮುಂದಿನ ಸಲ ಒಬ್ಬ ಉಳಿಯಲ್ಲ" ಅಂತ. ಆ ವಾರವೇ ಇಬ್ಬರೂ ಸೇರಿ ನನ್ನನ್ನು ಕರೆಸಿದರು. ಈ ಹಗೆಯನ್ನು ಹುಟ್ಟಿನಿಂದ ಪಡೆಯದೇ ಇದ್ದವರು ಆ ಎರಡು ಮನೆಯಲ್ಲಿ ಇವರೇ.

ಮೊದಲ ಪ್ರಯತ್ನ

ಎಲ್ಲರನ್ನೂ ಒಂದೇ ಕಡೆ ಕೂರಿಸಿದೆ. ಎರಡೂ ಕಡೆಯಿಂದ ಹದಿನಾರು ಜನ. ಮನಸ್ಸು ಬಿಚ್ಚಿ ಮಾತಾಡಿದರೆ ಹಗುರಾಗುತ್ತೆ ಅಂತ ನಂಬಿದ್ದೆ. ಹತ್ತು ನಿಮಿಷಕ್ಕೆ ಲೆಕ್ಕ ಶುರುವಾಯಿತು. ನೀವು ಹೀಗೆ ಮಾಡಿದಿರಿ, ಅದಕ್ಕೇ ನಾವು ಹಾಗೆ ಮಾಡಿದ್ದು. ಪ್ರತಿಯೊಬ್ಬರ ಲೆಕ್ಕವೂ ಇನ್ನೊಬ್ಬರು ಮಾಡಿದ ಮೊದಲ ತಪ್ಪಿನಿಂದಲೇ ಆರಂಭ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮಿಸ್ಟರ್ ಮತ್ತು ಜೊತೆಯವರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾರೋ ನಿಮಗೆ ನೋವು ಮಾಡಿದ್ದು ಒಂದು, ನೀವು ಯಾರಿಗೋ ನೋವು ಮಾಡಿದ್ದು ಇನ್ನೊಂದು, ಎರಡೂ ಬರೆಯಿರಿ ಅಂತ ಒಬ್ಬೊಬ್ಬರಿಗೂ ಹೇಳಿದ್ದರು. ನೋವು ತಿಂದವರಾಗಿ ಬರೆದಾಗ ಕಥೆ ಉದ್ದ. ಹಿಂದಿನಿಂದ ಬಂದಿದ್ದು, ಇವತ್ತಿಗೂ ಮುಗಿದಿಲ್ಲ. ಅದೇ ಜನ ನೋವು ಮಾಡಿದವರಾಗಿ ಬರೆದಾಗ ಕಥೆ ಚಿಕ್ಕದು. ಅದಕ್ಕೊಂದು ಕಾರಣ ಇತ್ತು, ಅದು ಅವತ್ತೇ ಮುಗಿಯಿತು. ಬರೆದವರು ಒಬ್ಬರೇ, ಕೂತ ಜಾಗ ಬೇರೆ, ಅಷ್ಟೇ. ಅವತ್ತು ಆ ಕೋಣೆಯಲ್ಲಿ ನಡೆದಿದ್ದು ಅಕ್ಷರಶಃ ಇದೇ. ಬೀಗದ ರಾತ್ರಿ ಮೇಲಿನ ಮನೆಯವರಿಗೆ 60 ವರ್ಷದ ಹಿಂದಿನ ಒಂದು ರಾತ್ರಿ. ಕೆಳಗಿನ ಮನೆಯವರಿಗೆ ಅದು ಇನ್ನೂ ಬೆಳಗಾಗಿಲ್ಲ. ಬಣವೆಯ ಬೆಂಕಿಯ ಮಾತು ಬಂದಾಗ ಇದು ಪೂರ್ತಿ ತಿರುಗುಮುರುಗು.

ಇನ್ನೂ ಒಂದು ತಪ್ಪಾಯಿತು. ಕೋಣೆಯಲ್ಲಿ ಹುಡುಗರಿದ್ದರು. ಮಕ್ಕಳು ಮೊಮ್ಮಕ್ಕಳ ಎದುರಿಗೆ ಯಾವ ಹಿರಿಯರೂ ಒಂದು ಹೆಜ್ಜೆ ಹಿಂದೆ ಇಡಲಾರರು. ಪಾಪ, ಇಡಬೇಕು ಅಂತ ಇದ್ದವರೂ ಇಡಲಿಲ್ಲ. ಬಂದಾಗ ಇದ್ದದ್ದಕ್ಕಿಂತ ಜಾಸ್ತಿ ಸಿಟ್ಟಿನಲ್ಲಿ ಎದ್ದು ಹೋದರು.

ಎರಡನೆಯದು

ಮೂಲ ದಾರಿ ಅಲ್ವಾ, ದಾರಿಯನ್ನೇ ಬಗೆಹರಿಸೋಣ ಅಂದುಕೊಂಡೆ. ಮೇಲಿನ ಮನೆಯ ಹಿರಿಯರ ಜೊತೆ ನಾಲ್ಕು ಸಲ ಕೂತೆ. ಕೊನೆಗೆ ದಾರಿಯನ್ನು ಬರೆದುಕೊಡುವುದಕ್ಕೆ ಒಪ್ಪಿದರು. ನನಗೆ ಗೆದ್ದಷ್ಟು ಖುಷಿ. ಕಾಗದ ಹಿಡಿದು ಕೆಳಗಿನ ಮನೆಗೆ ಹೋದೆ.

ಆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ತೀರಿಕೊಂಡ ಹುಡುಗನ ತಂಗಿ. ಈಗ 78 ವರ್ಷ. ಆ ರಾತ್ರಿ ಅವರು ಅಲ್ಲಿರಲಿಲ್ಲ, ಗಂಡನ ಮನೆಯಲ್ಲಿದ್ದರು. ಬೆಳಗ್ಗೆ ಸುದ್ದಿ ಕೇಳಿ ಓಡಿ ಬಂದವರು. ಗಂಡ ಬೇಗ ಹೋದ ಮೇಲೆ ತವರಿಗೇ ಬಂದು ನೆಲೆಸಿದರು. ಅಣ್ಣ ತಮ್ಮಂದಿರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಎತ್ತಿ ಆಡಿಸಿದವರು ಅವರೇ. ಕಾಗದವನ್ನು ನಾನು ಪೂರ್ತಿ ಓದಿ ಹೇಳಿದೆ. ಕೇಳಿದರು. ಆಮೇಲೆ ಅದನ್ನು ಮಡಚಿ ನನ್ನ ಕೈಗೇ ವಾಪಸ್ ಇಟ್ಟರು.

"ಅವತ್ತು ಕೊಡದ ದಾರಿ ಇವತ್ತು ಯಾಕಪ್ಪ? ಯಾರನ್ನ ಹೊತ್ಕೊಂಡು ಹೋಗೋಕೆ?"

ನಾನು ಏನೂ ಹೇಳಲಾರದೆ ಎದ್ದು ಬಂದೆ.

ಹಳೇ ಹಗೆಗಳಲ್ಲಿ ಕಣ್ಣಿಗೆ ಕಾಣುವ ವಸ್ತು ಒಂದು ಇದ್ದೇ ಇರುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾ ಮತ್ತು ಕೆಂಟಕಿ ಗಡಿಯಲ್ಲಿ ಹ್ಯಾಟ್‌ಫೀಲ್ಡ್, ಮೆಕಾಯ್ ಅನ್ನುವ ಎರಡು ಮನೆತನಗಳು ಹತ್ತೊಂಬತ್ತನೇ ಶತಮಾನದಲ್ಲಿ ವರ್ಷಗಟ್ಟಲೆ ಕೊಂದಾಡಿದವು. ಅದರಲ್ಲಿ ಎಲ್ಲರಿಗೂ ನೆನಪಿರುವುದು 1878ರಲ್ಲಿ ಒಂದು ಹಂದಿ ಯಾರದ್ದು ಅಂತ ನಡೆದ ವ್ಯಾಜ್ಯ. ಆ ಹಂದಿಗೆ ಎರಡರಷ್ಟು ಬೆಲೆ ಕೊಟ್ಟಿದ್ದರೂ ಆಮೇಲಿನ ಸಾವುಗಳು ನಿಲ್ಲುತ್ತಿದ್ದವು ಅಂತ ನನಗೆ ಅನ್ನಿಸುವುದಿಲ್ಲ. ಒಂದು ಹೆಣ ಬಿದ್ದ ಮೇಲೆ ಜಗಳ ವಸ್ತುವಿನದ್ದಲ್ಲ. ದಾರಿ ಕೊಟ್ಟರೆ ಎಲ್ಲ ಸರಿಹೋಗುತ್ತೆ ಅಂದುಕೊಂಡ ನಾನು, ಆ ಅಜ್ಜಿಯ ಅಣ್ಣನ ಜೀವವನ್ನು ಒಂದು ಕಾಗದಕ್ಕೆ ಸಮ ಮಾಡಿ ಅವರ ಮನೆಗೆ ಒಯ್ದಿದ್ದೆ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಪ್ರಶ್ನೆ ಬದಲಾಯಿಸಿದ್ದು

ಎರಡು ತಿಂಗಳು ಸುಮ್ನೆ ಇದ್ದೆ. ಆಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ನೋಡತೊಡಗಿದೆ. ಏನಾಯಿತು ಅಂತ ಕೇಳುವುದನ್ನು ಬಿಟ್ಟೆ. ಮೂರೇ ಪ್ರಶ್ನೆ. ಇದನ್ನು ನಿಮಗೆ ಮೊದಲು ಹೇಳಿದ್ದು ಯಾರು? ಆಗ ನಿಮಗೆ ಎಷ್ಟು ವರ್ಷ? ಹೇಳುವಾಗ ನೀವು ಎಲ್ಲಿ ಕೂತಿದ್ದಿರಿ?

ಉತ್ತರ ಕೇಳಿ ನಾನೇ ಬೆಚ್ಚಿದೆ. ಆ ರಾತ್ರಿ ಅಲ್ಲಿದ್ದವರಲ್ಲಿ ಇವತ್ತು ಬದುಕಿರುವುದು ಒಬ್ಬರೇ. ಮೇಲಿನ ಮನೆಯ ಆ ಹಿರಿಯರು. ಆಗ ಅವರಿಗೆ 9 ವರ್ಷ. ಉಳಿದ ಎಲ್ಲರಿಗೂ ಅದು ಕೇಳಿದ ಕಥೆ. ಮೂರು ಸಲ ಕೂಗಿದರು ಅಂತ ಒಬ್ಬರು ಹೇಳಿದರೆ, ಇನ್ನೊಬ್ಬರು ಏಳು ಸಲ ಅಂದರು. ಮಹಡಿಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು ಅಂತ ಮೂವರು ಹೇಳಿದರು. ಆ ಮನೆಗೆ ಆಗ ಮಹಡಿಯೇ ಇರಲಿಲ್ಲ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಕತ್ತಲಲ್ಲಿ ಹಾಸಿಗೆಯಲ್ಲಿ ಮಲಗಿ ಕೇಳಿದ ಕಥೆಗೆ ಮಕ್ಕಳು ತಮ್ಮ ಕಣ್ಣೆದುರಿನ ಮನೆಯನ್ನೇ ತಂದು ಜೋಡಿಸಿಕೊಂಡಿದ್ದರು.

ಹೊಡೆದ ಹುಡುಗನ ಜೊತೆ ಕೂತಿದ್ದು ಕೊನೆಗೆ. ಅವನಿಗೆ ಕಥೆ ಹೇಳಿದ್ದು ಅಜ್ಜಿ. ಆಗ ಅವನಿಗೆ ಐದೋ ಆರೋ. ಎಲ್ಲಿ ಕೂತಿದ್ದೆ ಅಂದಾಗ, ಅಜ್ಜಿಯ ತೊಡೆಯ ಮೇಲೆ ಅಂದ. ಆಮೇಲೆ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಅವರ ಹೆಸರೇ ನನಗೆ ಇಟ್ಟಿರೋದು. ಒಂದು ಫೋಟೋ ಕೂಡ ಇಲ್ಲ. ಮದುವೆ ಆಗಿರಲಿಲ್ಲ, ಮಕ್ಕಳಿಲ್ಲ. ಇದನ್ನೂ ನಾನು ಬಿಟ್ಟುಬಿಟ್ಟರೆ ಅವರನ್ನ ಯಾರು ನೆನೆಸ್ಕೋತಾರೆ?"

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ನಾನು ಇಷ್ಟು ದಿನ ಹಗೆ ಬಿಡಿ, ಹಗೆ ಬಿಡಿ ಅಂತ ಕೇಳುತ್ತಿದ್ದೆ. ಅವರ ಕಿವಿಗೆ ಅದು ಸತ್ತವನನ್ನು ಮರೆತುಬಿಡಿ ಅಂತ ಕೇಳಿಸುತ್ತಿತ್ತು. 22 ವರ್ಷಕ್ಕೆ ಹೋದ ಆ ಹುಡುಗನ ಗುರುತಾಗಿ ಭೂಮಿಯ ಮೇಲೆ ಉಳಿದಿದ್ದದ್ದು ಆ ಹಗೆ ಒಂದೇ. ನಮ್ಮ ಸಿಟ್ಟನ್ನಾದರೆ ನಾವು ಬಿಡಬಹುದು. ಸತ್ತವರು ಬಿಟ್ಟುಹೋದದ್ದನ್ನು ಬಿಡುವ ಹಕ್ಕು ನನಗಿದೆಯಾ? ಈ ಅಳುಕು ಆ ಮನೆಯ ಪ್ರತಿಯೊಬ್ಬರಲ್ಲೂ ಇತ್ತು. ಬಾಯಿಬಿಟ್ಟು ಹೇಳಿದ್ದು ಈ ಹುಡುಗ ಒಬ್ಬನೇ.

30 ದಿನ

ಆದರೆ ಇದನ್ನೆಲ್ಲ ಯೋಚಿಸುವುದಕ್ಕೆ ಸಮಯ ಬೇಕಿತ್ತು. ಅಷ್ಟರಲ್ಲಿ ಇನ್ನೊಂದು ತಲೆ ಒಡೆಯಬಾರದು.

ಆಲ್ಬೇನಿಯಾದ ಬೆಟ್ಟದ ಜನರಲ್ಲಿ ರಕ್ತದ ಹಗೆಗೂ ಒಂದು ಕಟ್ಟುಪಾಡು ಇತ್ತು. ಕಾನುನ್ ಅಂತ ಅದಕ್ಕೆ ಹೆಸರು. ಬಾಯಿಂದ ಬಾಯಿಗೆ ಬಂದಿದ್ದ ಅದು ಪುಸ್ತಕವಾಗಿ ಅಚ್ಚಾಗಿದ್ದು 1933ರಲ್ಲಿ. ಅದರಲ್ಲಿ ಬೆಸಾ ಅಂತ ಒಂದು ಮಾತಿದೆ. ಕೊಟ್ಟ ಮಾತು ಅಂತ ಅರ್ಥ. ಕೊಲೆ ಆದ ಮೇಲೆ ಸತ್ತವನ ಮನೆಯವರು ಕೊಂದವನಿಗೆ 24 ಗಂಟೆಯ ಬೆಸಾ ಕೊಡಬಹುದು. ಆಮೇಲೆ ಊರಿನವರು ಕೇಳಿಕೊಂಡರೆ 30 ದಿನದ್ದು. ಅಷ್ಟು ದಿನ ಯಾರೂ ಕೈ ಎತ್ತುವಂತಿಲ್ಲ. ಕ್ಷಮಿಸಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಇಷ್ಟು ದಿನ ತಡೆಯಿರಿ ಅಂತಷ್ಟೇ. ತಡೆದರೆ ಸತ್ತವನಿಗೆ ದ್ರೋಹ ಮಾಡಿದ ಹಾಗೆ ಆಗುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ಎರಡೂ ಮನೆಗೆ ಹೋಗಿ 30 ದಿನ ಕೇಳಿದೆ. ಹೊಸ ದೂರು ಕೊಡಬಾರದು. ಮೊಬೈಲ್ ಸ್ಟೇಟಸ್‌ನಲ್ಲಿ ಕುಟುಕಬಾರದು. ದನ ನುಗ್ಗಿದರೆ ನನಗೆ ಫೋನ್ ಮಾಡಬೇಕು. ಶಾಶ್ವತವಾಗಿ ಒಪ್ಪದವರು 30 ದಿನಕ್ಕೆ ಒಪ್ಪಿದರು. ಮುಗಿದ ಮೇಲೆ ಇನ್ನೊಂದು 30 ಕೇಳಿದೆ.

ಎರಡನೆಯದರಲ್ಲಿ ಮುರಿಯಿತು. ಮುರಿದದ್ದು ಅಲ್ಲಿದ್ದವರಲ್ಲ. ದೂರದ ನಗರದಲ್ಲಿರುವ ಕೆಳಗಿನ ಮನೆಯ ಒಬ್ಬ ನೆಂಟ, ಕುಟುಂಬದ ಗ್ರೂಪಿನಲ್ಲಿ "ರಕ್ತ ತಣ್ಣಗಾಗಿದೆಯಾ?" ಅಂತ ಬರೆದ. ವಿಚಾರಿಸಿದರೆ ಮೇಲಿನ ಮನೆಯವರ ಜೊತೆ ಅವನದ್ದೇ ಒಂದು ಬೇರೆ ತಕರಾರು ಇತ್ತು. ನನಗೆ ಜನಮೇಜಯನ ಸರ್ಪಯಾಗ ನೆನಪಾಯಿತು. ಪರೀಕ್ಷಿತ ತಕ್ಷಕನಿಂದ ಸತ್ತಾಗ ಜನಮೇಜಯ ಇನ್ನೂ ಮಗು. ಬೆಳೆದು ರಾಜನಾದ ಮೇಲೆ ಅವನನ್ನು ಕೆಣಕಿದವನು ಉತ್ತಂಕ. ಉತ್ತಂಕನಿಗೆ ತಕ್ಷಕನ ಮೇಲೆ ತನ್ನದೇ ಸಿಟ್ಟಿತ್ತು, ಕರ್ಣಕುಂಡಲ ಕದ್ದ ಸಿಟ್ಟು. ರಾಜ ಮಂತ್ರಿಗಳನ್ನು ಕೇಳಿ ಅಪ್ಪನ ಸಾವಿನ ಕಥೆ ತಿಳಿದುಕೊಂಡ. ಆಮೇಲೆ ಯಾಗ. ಕೊನೆಗೆ ನಿಲ್ಲಿಸಿದವನು ಆಸ್ತೀಕ. ತಂದೆ ಋಷಿ, ತಾಯಿ ನಾಗರ ಹೆಣ್ಣುಮಗಳು. ಎರಡೂ ಕಡೆಗೆ ಸೇರಿದವನು. ನಮ್ಮ ಎರಡು ಮನೆಯಲ್ಲಿ ಉತ್ತಂಕನಂಥವರು ಒಂದಿಬ್ಬರು ಇದ್ದರು. ಆಸ್ತೀಕನಂಥವರು ಹುಟ್ಟುವುದಕ್ಕೇ ಜಾಗ ಇರಲಿಲ್ಲ. ಇದ್ದವರು ಆ ಇಬ್ಬರು ಸೊಸೆಯಂದಿರು. ಅವರೇ ಆ ರಾತ್ರಿ ಒಬ್ಬರಿಗೊಬ್ಬರು ಫೋನ್ ಮಾಡಿ ಹುಡುಗರನ್ನು ಮನೆಯಲ್ಲೇ ಹಿಡಿದಿಟ್ಟರು.

ದೂರದಲ್ಲಿರುವವರ ಸಿಟ್ಟು ಬೇಗ ಆರುವುದಿಲ್ಲ. ಅವರು ದಿನಾ ಆ ಬೇಲಿಯ ಪಕ್ಕ ಬದುಕಬೇಕಾಗಿಲ್ಲ ನೋಡಿ. ಅವತ್ತಿನಿಂದ ನಾನು ಹೊರಗಿರುವವರನ್ನೂ ಮೊದಲೇ ಮಾತಾಡಿಸುತ್ತೇನೆ.

ಹಿರಿಯರು ಹೇಳಿದ್ದು

ಮೂರನೇ 30 ದಿನದಲ್ಲಿ ಒಂದು ಸಂಜೆ ಮೇಲಿನ ಮನೆಯ ಹಿರಿಯರು ನನ್ನನ್ನು ಗೇಟಿನ ತನಕ ಕರೆದುಕೊಂಡು ಹೋದರು. ಬೀಗ ಎಳೆದು ನೋಡಿದರು. ಕೈ ಬಿಡಲಿಲ್ಲ. ಬೀಗ ಹಿಡಿದುಕೊಂಡೇ ಹೇಳಿದರು.

ಅವತ್ತು ರಾತ್ರಿ ಅವರು ಅಪ್ಪನ ಪಕ್ಕ ಮಲಗಿದ್ದರು. ಕೂಗು ಕೇಳಿಸಿತ್ತು. ಅವರಿಗೂ, ಅಪ್ಪನಿಗೂ. ಅಪ್ಪ ಎದ್ದು ಕೂತರು. ವಾರದ ಹಿಂದೆ ಜಗಳ ಆಗಿತ್ತಲ್ಲ, ಕುಡಿದು ಗಲಾಟೆಗೆ ಬಂದಿದ್ದಾರೆ ಅಂದುಕೊಂಡರು. ಹೋಗಬೇಡ ಅಂತ ಅಮ್ಮ ಅಂದರು. ಅಪ್ಪ ಮತ್ತೆ ಮಲಗಿದರು. ಬೆಳಗ್ಗೆ ವಿಷಯ ಗೊತ್ತಾಯಿತು. ಕೇಳಿಸಲಿಲ್ಲ ಅಂತ ಅಪ್ಪ ಒಂದು ಸಲ ಹೇಳಿದ್ದು, ಆಮೇಲೆ ಬದಲಿಸಲಾಗಲಿಲ್ಲ. ಸಾಯುವ ತನಕ ಅವರು ಆ ಕೋಣೆಯಲ್ಲಿ ಮಲಗಲಿಲ್ಲ. ಜಗುಲಿಯಲ್ಲೇ ಕೂತು ಬೆಳಗು ಮಾಡುತ್ತಿದ್ದರು.

"ಅಪ್ಪನ ಮರ್ಯಾದೆ ನನ್ನ ಕೈಯಲ್ಲಿದೆ. ಹೇಳಿದರೆ ಅವರನ್ನ ನಾನೇ ಕೊಂದ ಹಾಗೆ" ಅಂದರು.

ನೋಡಿ, ಎರಡೂ ಕಡೆ ಒಂದೇ ಗಂಟು. ಅಲ್ಲಿ ಅಣ್ಣನ ನೆನಪು, ಇಲ್ಲಿ ಅಪ್ಪನ ಮರ್ಯಾದೆ. ಸತ್ತವರಿಬ್ಬರನ್ನೂ ಬದುಕಿರುವವರು ಕಾಯುತ್ತಿದ್ದರು.

ಈಗ ನಾನು ಏನು ಮಾಡಬೇಕು? ಕೆಳಗಿನ ಮನೆಯವರು 60 ವರ್ಷದಿಂದ ಕೇಳುತ್ತಿದ್ದ ಉತ್ತರ ನನ್ನ ಹತ್ತಿರ ಇತ್ತು. ಒಯ್ದು ಹೇಳಲಿಲ್ಲ. ಅದು ಅವರು ನನ್ನ ಮೇಲಿನ ನಂಬಿಕೆಯಿಂದ ಹೇಳಿದ ಮಾತು. ನಾನು ಹೇಳಿದರೆ ಚಾಡಿ ಆಗುತ್ತದೆ, ಅವರು ಹೇಳಿದರೆ ಮಾತ್ರ ಅದಕ್ಕೆ ಬೆಲೆ. ಕಾದೆ. ನಾಲ್ಕು ತಿಂಗಳು. ಬಹಳ ಕಷ್ಟದ ನಾಲ್ಕು ತಿಂಗಳು. ಸಿಕ್ಕಾಗೆಲ್ಲ ಒಂದೇ ಮಾತು ಹೇಳುತ್ತಿದ್ದೆ. ಹೇಳುವುದಾದರೆ ಪೂರ್ತಿ ಹೇಳಿ, ಗೇಟು ತೆಗೆಯದ ಅಪ್ಪನನ್ನು ಮಾತ್ರ ಅಲ್ಲ, ಜಗುಲಿಯಲ್ಲಿ ಕೂತ ಅಪ್ಪನನ್ನೂ ಹೇಳಿ ಅಂತ. ಒಪ್ಪಿದ ದಿನ ಅವರಾಗಿಯೇ ಫೋನ್ ಮಾಡಿದರು.

ಐದು ಜನ

ಈ ಸಲ ಹದಿನಾರು ಜನ ಅಲ್ಲ. ಹಿರಿಯರು, ಅವರ ಸೊಸೆ, ಅಜ್ಜಿ, ಆ ಹುಡುಗ, ನಾನು. ಜಾಗ ಗೇಟಿನ ಹತ್ತಿರ, ಎರಡೂ ಮನೆಗೆ ಸೇರದ ಒಂದು ಮರದ ಕೆಳಗೆ. ಹೀಗೊಂದು ಮಾತು ಇದೆ, ಕೇಳಿ ಸಿಟ್ಟು ಬರಬಹುದು, ಎದ್ದು ಹೋಗಬೇಕು ಅನ್ನಿಸಿದರೆ ಹೋಗಬಹುದು ಅಂತ ಅಜ್ಜಿಗೆ ಮೊದಲೇ ಹೇಳಿದ್ದೆ.

ಹಿರಿಯರು ಹೇಳಿ ಮುಗಿಸಿದರು. ಧ್ವನಿ ನಡುಗುತ್ತಿತ್ತು. ಹುಡುಗನ ಮುಷ್ಟಿ ಬಿಗಿಯಾಗಿದ್ದು ನನಗೆ ಕಂಡಿತು. ಅಜ್ಜಿ ಬಹಳ ಹೊತ್ತು ನೆಲ ನೋಡುತ್ತಿದ್ದರು. ಆಮೇಲೆ ಕೇಳಿದರು.

"ಎಷ್ಟು ಸಲ ಕೂಗಿದ್ದು ಕೇಳಿಸ್ತು?"

"ಎರಡು ಸಲ."

"ನಮ್ಮಪ್ಪ ಮೂರು ಅಂತಿದ್ದರು. ಮೂರನೇದು ಕೂಗೋಕೆ ಗಂಟಲು ಬರಲಿಲ್ಲ ಅಂತಿದ್ದರು." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. "ಸರಿ. ಕೇಳಿಸಿತ್ತು ಅಂತ ಹೇಳಿದೆಯಲ್ಲ."

ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಹುಡುಗನ ಹೆಗಲು ಹಿಡಿದು ಎದ್ದು ಮನೆಗೆ ಹೋದರು. ಹನ್ನೊಂದು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲವಂತೆ. ಎಲ್ಲ ಕೆಟ್ಟಿತು ಅಂತಲೇ ನಾನು ಅಂದುಕೊಂಡಿದ್ದೆ. ಹನ್ನೆರಡನೇ ದಿನ ಹೇಳಿಕಳಿಸಿದರು. ಆ ದಾರಿಯಲ್ಲಿ ಒಂದು ಸಲ ನಡೆಯಬೇಕು ಅಂತ.

ಮೇಲಿನ ಮನೆಯ ಹೊಲಿಗೆ ಬಿದ್ದ ಹುಡುಗ ಹಿಂದಿನ ದಿನವೇ ಹುಲ್ಲು ಕತ್ತರಿಸಿದ್ದ. ಬೀಗ ತೆಗೆದರೂ ಗೇಟು ಅಲುಗಲಿಲ್ಲ, ಕೀಲು ಹಿಡಿದುಬಿಟ್ಟಿತ್ತು. ಇಬ್ಬರು ಹುಡುಗರೂ ಸೇರಿ ಅದನ್ನು ಎತ್ತಿ ಪಕ್ಕಕ್ಕೆ ಇಟ್ಟರು. ಒಬ್ಬರಿಗೊಬ್ಬರು ಮಾತಾಡಲಿಲ್ಲ. ಅಜ್ಜಿ ಬರಿಗಾಲಲ್ಲಿ ರಸ್ತೆಯ ತನಕ ನಡೆದರು. ಬೀಗದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು.

ಕಲ್ಲು

ದಾರಿಗೆ ಸತ್ತ ಹುಡುಗನ ಹೆಸರು ಇಡೋಣ ಅಂತ ಕೇಳಿದ್ದು ಅದೇ ಹೆಸರಿನ ಮೊಮ್ಮಗ. ಮೇಲಿನ ಮನೆಯವರು ತಮ್ಮ ಜಮೀನಿನಲ್ಲಿ ಒಂದು ಕಲ್ಲು ನೆಡುವುದಕ್ಕೆ ಒಪ್ಪಿದರು. ಮುಗಿಯಿತು ಅಂದುಕೊಂಡರೆ ಅಲ್ಲಿ ಎರಡು ವಾರ ಹಿಡಿಯಿತು. ಗೇಟು ತೆಗೆಯದೆ ಸತ್ತ ಅಂತ ಬರೆಯಬೇಕು ಅಂತ ಕೆಳಗಿನ ಮನೆಯ ಕೆಲವರು. ಹಾಗೆ ಬರೆದರೆ ನಮ್ಮ ಮೊಮ್ಮಕ್ಕಳು ಹುಟ್ಟಿದ ದಿನದಿಂದ ಅಪರಾಧಿಗಳು ಅಂತ ಮೇಲಿನ ಮನೆ. ಎರಡೂ ಮಾತಿನಲ್ಲಿ ನ್ಯಾಯ ಇತ್ತು. ಕಾಯಿಲೆಯಿಂದ ತೀರಿಕೊಂಡ ಅಂತ ಬರೆಯೋಣ ಅಂತ ಯಾರೋ ಅಂದರು. ಹುಡುಗ ಒಪ್ಪಲಿಲ್ಲ. ಅದು ಅರ್ಧ ಸುಳ್ಳು ಅಂದ. ಕೊನೆಗೆ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ, ಕೆಳಗೆ "ಈ ದಾರಿ ತೆರೆದಿರುತ್ತದೆ" ಅಂತ ಒಂದು ಸಾಲು. ಆ ಸಾಲು ಹೊಳೆದದ್ದು ಮೇಲಿನ ಮನೆಯ ಸೊಸೆಗೆ.

ಬರೀ ಒಂದು ಕಲ್ಲಿಗೆ ಇಷ್ಟು ಯಾಕೆ ಅಂತ ಕೇಳಿದವರಿದ್ದಾರೆ. ಹ್ಯಾಟ್‌ಫೀಲ್ಡ್, ಮೆಕಾಯ್ ವಂಶದವರು ತಮ್ಮ ನಡುವೆ ಶಾಂತಿ ಅಂತ ಕಾಗದಕ್ಕೆ ಸಹಿ ಹಾಕಿದ್ದು 2003ರಲ್ಲಿ. ಕೊಲೆಗಳು ನಿಂತು ನೂರು ವರ್ಷ ದಾಟಿತ್ತು. ಕೊಸೊವೊದಲ್ಲಿ 1990ರಲ್ಲಿ ಜಾನಪದ ವಿದ್ವಾಂಸ ಆಂಟನ್ ಚೆಟ್ಟಾ ಮತ್ತು ಜೊತೆಗಿದ್ದ ಯುವಕರು ಮನೆಮನೆಗೆ ಹೋಗಿ ಸಾವಿರದಷ್ಟು ರಕ್ತದ ಹಗೆಗಳನ್ನು ರಾಜಿ ಮಾಡಿಸಿದರು. ಕ್ಷಮಿಸಿ ಅಂತ ಬರಿದೇ ಕೇಳಲಿಲ್ಲ. ಜನರ ಹೆಸರಿನಲ್ಲಿ, ಯುವಕರ ಹೆಸರಿನಲ್ಲಿ, ಬಾವುಟದ ಹೆಸರಿನಲ್ಲಿ ಬಿಟ್ಟುಕೊಡಿ ಅಂದರು. ದೊಡ್ಡ ಬಯಲಿನಲ್ಲಿ ಸಾವಿರಾರು ಜನರ ಎದುರು ಕೈ ಕೈ ಹಿಡಿಸಿದರು. ಸತ್ತ ಮಗನನ್ನು ಕೈಬಿಟ್ಟೆ ಅನ್ನುವ ಹಾಗಿರಲಿಲ್ಲ, ಅವನ ಪರವಾಗಿ ಏನೋ ದೊಡ್ಡದನ್ನು ಕೊಟ್ಟೆ ಅನ್ನುವ ಹಾಗಿತ್ತು. ನಮ್ಮಲ್ಲಿ ಬಾವುಟ ಇರಲಿಲ್ಲ, ಬಯಲು ಇರಲಿಲ್ಲ. ಒಂದು ಕಲ್ಲು ಇತ್ತು. ಹಗೆ ಮಾಡುತ್ತಿದ್ದ ಕೆಲಸವನ್ನು ಅದು ವಹಿಸಿಕೊಂಡಿತು. ಇನ್ನು ಅವನನ್ನು ನೆನೆಸಿಕೊಳ್ಳುವುದಕ್ಕೆ ಯಾರ ತಲೆಯೂ ಒಡೆಯಬೇಕಾಗಿಲ್ಲ.

ಈಗ

ಎಲ್ಲ ಸರಿಹೋಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಗಡಿಕಲ್ಲಿನ ಕೇಸು ವಾಪಸ್ ಆಯಿತು. ನೀರಿನ ಕೇಸು ನಡೆಯುತ್ತಲೇ ಇದೆ, ನಗರದ ಆ ನೆಂಟ ಸಹಿ ಹಾಕಲು ಒಪ್ಪಿಲ್ಲ. ಬಣವೆಗೆ ಬೆಂಕಿ ಹಚ್ಚಿದ್ದು ಯಾರು ಅಂತ ಕೆಳಗಿನ ಮನೆಯಲ್ಲಿ ಯಾರೂ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮೇಲಿನ ಮನೆಯವರು ಅದನ್ನು ಮರೆತಿಲ್ಲ. ಒಂದು ಕಡೆಯವರಿಂದ ಮಾತ್ರ ನಿಜ ಬಂತಲ್ಲ ಅನ್ನುವ ನೋವು ಅವರಿಗಿದೆ. ಅದಕ್ಕೂ ಜಾಗ ಕೊಡಬೇಕಿತ್ತು. ಐದು ಜನ ಕೂತ ದಿನ ಕಲ್ಲಿನ ಮಾತಿಗಿಂತ ಮುಂಚೆ ಬೆಂಕಿಯ ಮಾತನ್ನೂ ನಾನು ತೆಗೆಯಬಹುದಿತ್ತು. ಅವತ್ತು ಆ ಮೌನ ಕೆಡಿಸಲು ಧೈರ್ಯ ಬರಲಿಲ್ಲ. ಇಂಥ ಪ್ರಕರಣ ಹಿಡಿದವರು ಇದನ್ನು ಗಮನದಲ್ಲಿಡಿ. ಒಂದು ಕಡೆಯ ಗಾಯ ದೊಡ್ಡದಿದ್ದಾಗ ಇನ್ನೊಂದು ಕಡೆಯ ಚಿಕ್ಕ ಗಾಯ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇಬ್ಬರು ಹುಡುಗರೂ ಸ್ನೇಹಿತರಾಗಿಲ್ಲ. ಎದುರು ಸಿಕ್ಕರೆ ತಲೆ ಆಡಿಸುತ್ತಾರೆ. ಸೊಸೆಯಂದಿರು ದಿನಾ ಮಾತಾಡುತ್ತಾರೆ.

ಕಳೆದ ಸಲ ಹೋದಾಗ ಕಲ್ಲಿನ ಹತ್ತಿರ ಮೇಲಿನ ಮನೆಯ ಒಂದು ಪುಟ್ಟ ಹುಡುಗಿ ಆಡುತ್ತಿದ್ದಳು. ಇದು ಯಾರ ಹೆಸರು ಅಂತ ತಾತನನ್ನು ಕೇಳಿದಳು. ಹಿರಿಯರು ನನ್ನ ಮುಖ ನೋಡಿದರು. ಆಮೇಲೆ ಕಲ್ಲಿನ ಪಕ್ಕ ಮೆಲ್ಲಗೆ ಕೂತು, ಅವಳನ್ನು ಹತ್ತಿರ ಎಳೆದುಕೊಂಡು, ಕೂಗು ಕೇಳಿಸಿದ್ದರಿಂದಲೇ ಶುರುಮಾಡಿ ಹೇಳತೊಡಗಿದರು.